ಖಾನೆಗೆ ಸಿಗದ ಹಾಡು

ರಾಯಚೂರಿನ ತೀನ್ ಕಂದೀಲ್ ಕಡೆ ಕ್ಯಾಸೆಟ್ ಅಂಗಡಿಗಳಿದ್ದ ಕಾಲದಲ್ಲಿ ಮರದ ಖಾನೆಗಳಿಗೆ ಚೀಟಿ ಅಂಟಿಸಿರುತ್ತಿದ್ದರು: ಭಕ್ತಿಗೀತೆ, ಭಾವಗೀತೆ, ಜಾನಪದ, ಚಿತ್ರಗೀತೆ. ಶಿಶುನಾಳದ ಶರೀಫಜ್ಜನ ಪದ ಕೇಳಿದರೆ ಅಂಗಡಿಯವರು ನಾಲ್ಕೂ ಖಾನೆ ತಡಕುತ್ತಿದ್ದರು. ಶರೀಫಜ್ಜನನ್ನು ಕುರಿತ ನಾಗಾಭರಣರ 1990ರ ಸಿನಿಮಾಕ್ಕೆ ಸಿ. ಅಶ್ವಥ್ ರಾಗ ಹಾಕಿದ ಮೇಲಂತೂ ಅದು ಭಕ್ತಿಯೂ ಹೌದು, ಭಾವವೂ ಹೌದು, ಸಿನಿಮಾವೂ ಹೌದು ಎಂಬಂತಾಗಿತ್ತು.

ಗಾಯಕ ರಘು ದೀಕ್ಷಿತರ ಮೊದಲ ಆಲ್ಬಮ್ಮನ್ನು ಈ ವಾರ ಮತ್ತೆ ಹಚ್ಚಿಕೊಂಡು ಕೂತಾಗ ಆ ಚೀಟಿಗಳು ನೆನಪಾದವು. ಮೈಸೂರಿನಲ್ಲಿ ಬೆಳೆದು, ಸೂಕ್ಷ್ಮಜೀವಶಾಸ್ತ್ರದಲ್ಲಿ ಚಿನ್ನದ ಪದಕ ಪಡೆದು, ಭರತನಾಟ್ಯ ಕಲಿತು, ಗಿಟಾರನ್ನು ಯಾವ ಗುರುವಿಲ್ಲದೆ ಕೈಗೆ ಹತ್ತಿಸಿಕೊಂಡವರು ಅವರು. ಹಾಡುಗಳು ತಯಾರಾಗಿದ್ದರೂ ಕಂಪನಿಗಳ ಬಾಗಿಲು ವರ್ಷಗಟ್ಟಲೆ ತೆರೆಯಲಿಲ್ಲ. ಹಿಂದಿ, ಇಂಗ್ಲಿಷ್, ಕನ್ನಡ ಮೂರೂ ಒಂದೇ ಆಲ್ಬಮ್ಮಿನಲ್ಲಿ. ಶರೀಫರ ತತ್ವಪದದ ಪಕ್ಕಕ್ಕೆ ರಾಕ್ ಗಿಟಾರು. ಮಾರುವವನಿಗೆ ಅದನ್ನು ಇಡುವ ಖಾನೆಯೇ ಇರಲಿಲ್ಲ. ಕೊನೆಗೆ ಮುಂಬೈಯ ಒಂದು ಕಾರ್ಯಕ್ರಮದಲ್ಲಿ ಅವರನ್ನು ಕೇಳಿದ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಜೋಡಿ 2008ರಲ್ಲಿ ತಮ್ಮದೇ ಲೇಬಲ್ಲಿನಿಂದ ಆಲ್ಬಮ್ ಹೊರತಂದರು. 2011ರಲ್ಲಿ ಬ್ರಿಟನ್ನಿನ 'ಸಾಂಗ್‌ಲೈನ್ಸ್' ಪತ್ರಿಕೆ ಹೊಸ ಕಲಾವಿದರಿಗೆ ಕೊಡುವ ಪ್ರಶಸ್ತಿ ಅವರಿಗೆ ಬಂತು. 2013ರ 'ಜಗ್ ಚಂಗಾ' ಆಲ್ಬಮ್ಮಿನ ಹೊತ್ತಿಗೆ ಅವರು ಯಾವ ಕಂಪನಿಯ ಹಂಗಿಗೂ ಹೋಗಲಿಲ್ಲ, ತಾವೇ ಹೊರತಂದರು.

ಪ್ರಯೋಗವೆಂದು ಎಲ್ಲವನ್ನೂ ಹೊಗಳಲಾರೆ. ಶರೀಫರ 'ಗುಡುಗುಡಿಯಾ' ರಘು ಅವರ ಕಛೇರಿಗಳಲ್ಲಿ ಜನರನ್ನು ಕುಣಿಸುತ್ತದೆ. ಕುಣಿತದ ಭರದಲ್ಲಿ ಪದದ ಒಳಗಿನ ಸೂಚನೆ ಕೈಜಾರುತ್ತದೆ ಎಂದು ನನಗೆ ಪ್ರತಿ ಸಲವೂ ಅನಿಸಿದೆ. 'ಸೋರುತಿಹುದು' ಮಾತ್ರ ಬೇರೆ. ಅಲ್ಲಿ ಗಿಟಾರು ತಗ್ಗಿ ನಡೆಯುತ್ತದೆ, ದನಿ ಒಡೆಯುವ ಹಾಗೆ ಬಂದು ಒಡೆಯದೆ ನಿಲ್ಲುತ್ತದೆ. ನಮ್ಮ ಕಡೆ ಅಮಾವಾಸ್ಯೆಯ ರಾತ್ರಿ ಭಜನೆಯಲ್ಲಿ ಏಕತಾರಿಯೊಂದೇ ಉಳಿದಾಗ ಆಗುವ ಅನುಭವ ಅದು. ವಾದ್ಯ ಬದಲಾಗಿದೆ, ಪದ ಬದಲಾಗಿಲ್ಲ.

ಬೆರಕೆ ಎಂದು ಮೂಗು ಮುರಿಯುವವರಿಗೆ ನಮ್ಮ ಜಿಲ್ಲೆಯ ಕಥೆಯೊಂದನ್ನು ನೆನಪಿಸಬೇಕು. ಮಾನ್ವಿ ಸೀಮೆಯ ಚೀಕಲಪರ್ವಿಯ ವಿಜಯದಾಸರಿಗೆ ಸುಳಾದಿ ದಾಸರೆಂದೇ ಹೆಸರು. ಒಂದೇ ಕೃತಿಯೊಳಗೆ ನುಡಿಯಿಂದ ನುಡಿಗೆ ತಾಳ ಬದಲಾಗುವುದು ಸುಳಾದಿ. ಅದರ ಬೆನ್ನಿಗೇ ತಾಳವೇ ಇಲ್ಲದ ಉಗಾಭೋಗ. ಬ್ಯಾಗವಾಟದ ಶ್ರೀನಿವಾಸಾಚಾರ್ಯರು ಸಂಸ್ಕೃತದ ದೊಡ್ಡ ಪಂಡಿತರು. ವಿಜಯದಾಸರು ಊಟಕ್ಕೆ ಕರೆದಾಗ, ಕನ್ನಡದಲ್ಲಿ ಹಾಡಿಕೊಂಡು ತಿರುಗುವವರ ಪಂಕ್ತಿಗೆ ಬರಲಾರೆನೆಂದು ಹೊಟ್ಟೆನೋವಿನ ನೆಪ ಹೇಳಿದರಂತೆ. ನೆಪವೇ ನಿಜವಾಗಿ ಕಾಡಿತು. ದೇವದುರ್ಗ ಸೀಮೆಯ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರು ತಮ್ಮ ಆಯುಷ್ಯದ 40 ವರ್ಷ ಧಾರೆಯೆರೆದು ಅವರನ್ನು ಉಳಿಸಿದರೆಂದು ಪ್ರತೀತಿ. ಆ ಪಂಡಿತರೇ ಜಗನ್ನಾಥದಾಸರಾದರು. ಶಾಸ್ತ್ರದ ಸಾರವನ್ನೆಲ್ಲ ಕನ್ನಡದ ಭಾಮಿನಿ ಷಟ್ಪದಿಗೆ ಇಳಿಸಿ 'ಹರಿಕಥಾಮೃತಸಾರ' ಬರೆದರು. ಸಂಸ್ಕೃತದ ಖಾನೆ, ಕನ್ನಡದ ಖಾನೆ ಎಂದು ಅವರು ಮೊದಲಿನಂತೆ ಕೂತಿದ್ದರೆ ನಮಗೆ ಆ 32 ಸಂಧಿಗಳು ಸಿಗುತ್ತಿರಲಿಲ್ಲ. ರಾಯಚೂರಿನ ರಂಗಮಂದಿರಕ್ಕೆ ಹೆಸರು ಕೊಟ್ಟ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರೂ ಹಿಂದೂಸ್ತಾನಿ ರಾಗಗಳಲ್ಲಿ ವಚನ ಹಾಡಿದವರೇ.

ಖಾನೆ ಅಂಗಡಿಗೆ ಬೇಕಾದದ್ದು, ಹಾಡಿಗಲ್ಲ. ನನ್ನ ಸಿಟ್ಟು ಇಷ್ಟೇ: ಅಂಗಡಿಯ ಅನುಕೂಲವನ್ನು ಸಂಗೀತದ ಧರ್ಮವೆಂದು ಕಲಾವಿದನ ತಲೆಗೆ ಕಟ್ಟುತ್ತಾರೆ. ಹಾಗೆ ಕಟ್ಟಿಸಿಕೊಂಡು ಸುಮ್ಮನಾದವರ ಹಾಡು ನಮ್ಮ ಕಿವಿಗೆ ಬೀಳಲೇ ಇಲ್ಲ.

ಈಗ ದೇವದುರ್ಗ, ಮಾನ್ವಿಯ ಹುಡುಗರು ತತ್ವಪದಕ್ಕೆ ಕೀಬೋರ್ಡು, ಪ್ಯಾಡು ಕೂಡಿಸಿ ಮೊಬೈಲಿನಲ್ಲೇ ಮುದ್ರಿಸುತ್ತಿದ್ದಾರೆ. ಅದರಲ್ಲಿ ಒರಟುತನವಿದೆ, ಒಮ್ಮೊಮ್ಮೆ ಕಿವಿ ಗಡಚಿಕ್ಕುತ್ತದೆ, ಆದರೂ ಕೇಳುತ್ತೇನೆ. ಅವರಿಗೆ ನನ್ನದೊಂದು ಕೋರಿಕೆ. ಹಳೆಯ ಪದ ಎಲ್ಲರ ಸೊತ್ತು. ನೀವು ಕಟ್ಟಿದ ಹೊಸ ಧಾಟಿ ನಿಮ್ಮದು. ಕಂಪನಿಯವರು ಕಾಗದ ಮುಂದಿಟ್ಟರೆ ಹಕ್ಕನ್ನು ಎಷ್ಟು ವರ್ಷಕ್ಕೆ, ಯಾವ ಯಾವ ಪ್ರದೇಶಕ್ಕೆ ಕೊಡುತ್ತಿದ್ದೀರಿ ಎಂಬುದನ್ನು ಬರೆಸಿಕೊಳ್ಳಿ. ಅವಧಿ ಬರೆದಿರದಿದ್ದರೆ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಅದು ಐದೇ ವರ್ಷ. ಕಾಗದವನ್ನು ಓದಿಸಿ ಕೇಳದೆ ರುಜು ಹಾಕಬೇಡಿ.