ಹಾಡು ಕಳೆದುಕೊಂಡ ಅಕ್ಷರಗಳು

ಮಧ್ಯಯುಗದ ಇಟಲಿಯ ಹಸ್ತಪ್ರತಿಗಳ ಚಿತ್ರಾಕ್ಷರಗಳನ್ನು ಪುಟ್ಟ ವರ್ಣಚಿತ್ರಗಳೆಂದೇ ಮೆಚ್ಚುವವರ ಬಗ್ಗೆ ನನಗೊಂದು ತಕರಾರಿದೆ. ಅವು ಮೊದಲು ಅಕ್ಷರಗಳು. ಅದೂ ಹಾಡಿನ ಮೊದಲಕ್ಷರಗಳು. ಕ್ರಿಸ್ಮಸ್ ಹಗಲಿನ ಪೂಜೆಯ ಪ್ರವೇಶಗೀತೆ ತೊಡಗುವುದು ಮಗು ಎಂಬರ್ಥದ ‘ಪೂಎರ್’ ಎಂಬ ಲ್ಯಾಟಿನ್ ಶಬ್ದದಿಂದ. ಆ ‘ಪಿ’ಯ ದುಂಡು ಹೊಟ್ಟೆಯೊಳಗೇ ಗೋದಲಿ, ಮರಿಯಮ್ಮ, ಶಿಶು! ಈಸ್ಟರ್ ಗೀತೆಯ ‘ಆರ್’ ಒಳಗೆ ಸಮಾಧಿಯಿಂದೇಳುವ ಕ್ರಿಸ್ತ. ಗಾಯಕ ಸನ್ಯಾಸಿಗಳೆಲ್ಲ ಒಂದೇ ಪುಸ್ತಕ ನೋಡಿ ಹಾಡಬೇಕಿತ್ತು. ಆದ್ದರಿಂದ ಪುಟವೂ ದೊಡ್ಡದು, ಅಕ್ಷರವೂ ದೊಡ್ಡದು. ಫ್ಲಾರೆನ್ಸಿನ ಸಾಂತಾ ಮರಿಯಾ ದೆಲಿ ಆಂಜೆಲಿ ಮಠದ ದೊನ್ ಸಿಲ್ವೆಸ್ತ್ರೊ, ಅನಂತರದ ಲೊರೆಂಜೊ ಮೊನಾಕೊ ಇದರಲ್ಲಿ ಪಳಗಿದ ಕೈಗಳು.

ನೆಪೋಲಿಯನ್ನನ ಆಳ್ವಿಕೆಯಲ್ಲಿ ಮಠಗಳು ಮುಚ್ಚಿದವು. ಪುಸ್ತಕಗಳು ಕೈ ಬದಲಾದವು, ಕತ್ತರಿ ಬಿತ್ತು. ಇಂಗ್ಲೆಂಡಿನ ವಿಲಿಯಂ ಯಂಗ್ ಆಟ್ಲಿ ಕೂಡಿಸಿದ್ದ ಇಂಥ ತುಣುಕುಗಳು 1838ರಲ್ಲಿ ಲಂಡನ್ನಿನಲ್ಲಿ ಹರಾಜಾದವು. ಕತ್ತರಿಸಿದವರು ಚಿತ್ರವನ್ನು ಉಳಿಸಿದರು ನಿಜ. ಶಬ್ದದ ಮಿಕ್ಕ ಅಕ್ಷರಗಳು ಮಾತ್ರ ಹೋದವು. ತುಣುಕಿನ ಬೆನ್ನಿನಲ್ಲಿ ಎಷ್ಟೋ ಸಲ ನಾಲ್ಕು ಕೆಂಪು ಗೆರೆಗಳ ಮೇಲೆ ಅರ್ಧ ಸಾಲು ರಾಗ ಉಳಿದಿರುತ್ತದೆ. ಲೆಡ್ಜರಿನ ಹಾಳೆ ಹರಿದಿದ್ದರೆ ಹಿಂದಿನ ಬಾಕಿ ಎಲ್ಲಿಂದ ಬಂತೆಂದು ಹುಡುಕುವುದು ಬ್ಯಾಂಕಿನಲ್ಲಿ ನನ್ನ ಕೆಲಸ. ಅದಕ್ಕೇ ಇರಬೇಕು, ಮುಂಬದಿಯ ಬಂಗಾರಕ್ಕಿಂತ ನನಗೆ ಆ ಬೆನ್ನೇ ಮುಖ್ಯ. ನಾನು ತಿರುವಿದ ಚಿತ್ರಸಂಪುಟಗಳಲ್ಲಿ ಅದನ್ನು ಅಚ್ಚು ಹಾಕಿದವು ಬಲು ಕಡಮೆ.