ಗ್ರಂಥಾಲಯದ ಕಮ್ಮಟಗಳೂ ಮಸ್ಕಿಯ ಬಂಡೆಯೂ

ಕಮ್ಮಟವೆಂದರೆ ಹಳಗನ್ನಡದಲ್ಲಿ ಟಂಕಸಾಲೆ. ಒಳಕ್ಕೆ ಹೋದ ಲೋಹವು ನಾಣ್ಯವಾಗಿ ಹೊರಬೀಳುವ ಸ್ಥಳ. ಈಗ ಆ ಶಬ್ದವು ವಿದ್ಯಾಸಂಸ್ಥೆಗಳು ನಡೆಯಿಸುವ ಶಿಬಿರಗಳಿಗೆ ಸಲ್ಲುತ್ತಿರುವದು. ಶಬ್ದದ ಸಂಗಡ ಅರ್ಥವೂ ಬಂದಿತೋ ಇಲ್ಲವೋ ಎಂಬದನ್ನು ವಿಶ್ವವಿದ್ಯಾಲಯಗಳ ಗ್ರಂಥಾಲಯಗಳ ವಿಷಯದಲ್ಲಾದರೂ ವಿಚಾರಿಸಿ ನೋಡಬೇಕಾಗಿದೆ.

ಈ ಗ್ರಂಥಾಲಯಗಳ ವರ್ಷದ ಕಾರ್ಯಕ್ರಮಗಳು ಬಹುಮಟ್ಟಿಗೆ ಒಂದೇ ಅಚ್ಚಿನವು. ಹೊಸ ವಿದ್ಯಾರ್ಥಿಗಳಿಗೆ ಕಪಾಟುಗಳ ಪರಿಚಯ. ಏಪ್ರಿಲ್ 23ಕ್ಕೆ ಪುಸ್ತಕದ ದಿನ. ಆಗಸ್ಟ್ 12ಕ್ಕೆ ರಂಗನಾಥನ್ನರ ಜಯಂತಿ. ಗಣಕಯಂತ್ರದಲ್ಲಿ ಲೇಖನಗಳನ್ನು ಅರಸುವ ಶಿಕ್ಷಣ. ಕೃತಿಚೌರ್ಯದ ಬಗೆಗೆ ಎಚ್ಚರಿಕೆ. ಈ ಕಡೆಯದಕ್ಕೆ ವಿಶ್ವವಿದ್ಯಾಲಯ ಅನುದಾನ ಆಯೋಗವು 2018ರಲ್ಲಿ ಮಾಡಿದ ನಿಯಮಗಳ ಬಲವೂ ಉಂಟು. ಇವೆಲ್ಲ ಬೇಕಾದುವೇ, ಅರಸಲು ಬಾರದವನಿಗೆ ಗ್ರಂಥವು ಸಿಕ್ಕುವದೆಂತು? ಆದರೆ ಸಿಕ್ಕಿದುದನ್ನು ಓದುವ ಶಿಕ್ಷಣವು ಈ ಪಟ್ಟಿಯಲ್ಲಿ ಎಲ್ಲಿಯೂ ಕಾಣಬರುವದಿಲ್ಲ. ಕದಿಯಬಾರದೆಂದು ಕಲಿಸುವದಕ್ಕಿಂತ ಮೊದಲು ಕದಿಯುವ ಅಗತ್ಯವೇ ಬಾರದಂತೆ ಓದಿಸುವದು ಲೇಸಲ್ಲವೇ?

ಗ್ರಂಥಾಲಯದ ನಿಜವಾದ ಉತ್ಸವವು ಹೇಗಿರುವದೆಂಬದಕ್ಕೆ ಮೈಸೂರಿನ ಉದಾಹರಣೆಯೊಂದೇ ಸಾಕು. 1891ರಲ್ಲಿ ಸ್ಥಾಪಿತವಾದ ಅಲ್ಲಿಯ ಓರಿಯೆಂಟಲ್ ಲೈಬ್ರರಿಗೆ 1905ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ಓಲೆಯ ಕಟ್ಟೊಂದನ್ನು ತಂದೊಪ್ಪಿಸಿದರು. ಗ್ರಂಥಲಿಪಿಯ ಆ ಓಲೆಗಳನ್ನು ಗ್ರಂಥಪಾಲಕರಾಗಿದ್ದ ಶಾಮಶಾಸ್ತ್ರಿಗಳು ಕುಳಿತು ಓದಿದರು. ಓದಿದುದರಿಂದ ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ತಿಳಿಯಿತು, 1909ರಲ್ಲಿ ಅಚ್ಚಾಯಿತು. ಲಿಪಿಯು ಬಾರದವರ ಕೈಗೆ ಅದೇ ಕಟ್ಟು ಬಿದ್ದಿದ್ದರೆ, ಅದಕ್ಕೊಂದು ಸಂಖ್ಯೆಯನ್ನು ಬರೆದು ಕಪಾಟಿನಲ್ಲಿಡುತ್ತಿದ್ದರು. ಮುಂದೆ 1930ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾಲಯವು ಪ್ರಚಾರೋಪನ್ಯಾಸಗಳ ಮೂಲಕ ತಾನಾಗಿಯೇ ಊರೂರಿಗೆ ಹೋಗಿ, ಆ ಉಪನ್ಯಾಸಗಳನ್ನು ಸಣ್ಣ ಸಣ್ಣ ಪುಸ್ತಕಗಳಾಗಿ ಅಚ್ಚುಮಾಡಿಸಿತು.

ಸಿಂಧನೂರು, ಲಿಂಗಸುಗೂರು, ಮಸ್ಕಿಗಳಿಗೆ ಆ ಭಾಗ್ಯವಿರಲಿಲ್ಲ. ಇವು ನಿಜಾಮನ ರಾಜ್ಯಕ್ಕೆ ಸೇರಿದ್ದುವು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧಭಾಷೆಯು ಉರ್ದು. ಕಲಬುರಗಿಗೆ ವಿಶ್ವವಿದ್ಯಾಲಯವು ಬಂದದ್ದು 1980ರಲ್ಲಿ. ರಾಯಚೂರಿಗೆ ಅದಾದ ನಾಲ್ವತ್ತು ವರ್ಷಗಳ ಮೇಲೆ. ತಡವಾಗಿ ಬಂದುದು ಹತ್ತಿರವಾದರೂ ಬರಬೇಡವೇ? ಜಿಲ್ಲಾ ಸ್ಥಳದಲ್ಲಿ ಕಮ್ಮಟವನ್ನಿಟ್ಟು ತಾಲೂಕಿನ ವಿದ್ಯಾರ್ಥಿಗೆ ಆಮಂತ್ರಣವನ್ನು ಕಳಿಸಿದಲ್ಲಿಗೆ ಕರ್ತವ್ಯವು ತೀರಿತೆನ್ನಲಾಗದು.

ಮಸ್ಕಿಯಲ್ಲಿ ಏನಿದೆಯೆಂಬದನ್ನು ವಾಚಕರಿಗೆ ಹೇಳಬೇಕಾದುದಿಲ್ಲ. 1915ರಲ್ಲಿ ಚಿನ್ನದ ಗಣಿಗಳ ಶೋಧಕ್ಕಾಗಿ ತಿರುಗುತ್ತಿದ್ದ ಬೀಡನ್ ಎಂಬ ಇಂಜಿನಿಯರನು ಅಲ್ಲಿಯ ಬಂಡೆಯ ಮೇಲಣ ಅಕ್ಷರಗಳನ್ನು ಕಂಡನು. ಅವನ್ನು ಓದಿ ಸಂಪಾದಿಸಿದವರು ಕೃಷ್ಣಶಾಸ್ತ್ರಿಗಳು. ಅದುವರೆಗೆ ದೊರೆತಿದ್ದ ಧರ್ಮಲಿಪಿಗಳಲ್ಲಿ ಅರಸನು ಬರಿಯ ದೇವಾನಾಂಪ್ರಿಯನಾಗಿದ್ದನು. ಅಶೋಕನೆಂಬ ಹೆಸರು ಮೊದಲು ಕಾಣಿಸಿಕೊಂಡದ್ದು ಈ ಬಂಡೆಯಲ್ಲಿ. ಇಷ್ಟನ್ನು ಮಸ್ಕಿಯ ಹುಡುಗನು ಪರೀಕ್ಷೆಗಾಗಿ ಬಾಯಿಪಾಠ ಮಾಡುವನು. ಬಂಡೆಯ ಮುಂದೆ ನಿಲ್ಲಿಸಿ ಹೆಸರನ್ನು ತೋರಿಸೆಂದರೆ ಅವನ ಬೆರಳು ತಡವರಿಸುವದು. ಪದವೀಧರನ ಬೆರಳೂ ತಡವರಿಸುವದೇ!

ಬ್ರಾಹ್ಮಿಯ ಮಾತು ದೂರದ್ದಾಯಿತು ಎನ್ನುವವರು ತಮ್ಮ ಮನೆಯ ಪೆಟ್ಟಿಗೆಯನ್ನೇ ತೆರೆದು ನೋಡಬಹುದು. ನಿಜಾಮಶಾಹಿಯ ಕಾಲದ ಹೊಲಮನೆಗಳ ಕಾಗದಗಳು ಉರ್ದುವಿನಲ್ಲಿರುವವು. ಲೆಕ್ಕಪತ್ರಗಳು ಕೆಲವೆಡೆ ಮೋಡಿಯಲ್ಲಿ. ಅವನ್ನು ಓದಬಲ್ಲ ವೃದ್ಧರು ಒಬ್ಬೊಬ್ಬರಾಗಿ ತೀರಿಹೋಗುತ್ತಿರುವರು. ಓದಬಲ್ಲವರೊಡನೆ ಮೂರು ದಿನ ಕುಳ್ಳಿರಿಸಿ ಹತ್ತು ಕಾಗದಗಳನ್ನು ಓದಿಸಿದ ಕಮ್ಮಟವೊಂದು ಲಿಂಗಸುಗೂರಿನಲ್ಲಿ ನಡೆದರೆ, ಅದರಿಂದ ಹೊರಬೀಳುವದು ನಿಜವಾದ ನಾಣ್ಯ. ಸಂತೆಕೆಲ್ಲೂರಿನ ಘನಮಠ ಶಿವಯೋಗಿಗಳ ಕೃಷಿಜ್ಞಾನಪ್ರದೀಪಿಕೆಯನ್ನು ಸಿಂಧನೂರಿನಲ್ಲಿ, ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ರೈತರ ಎದುರಿಗೆ ಓದಿಸಬಹುದು. ಅವರು ಒಪ್ಪುವದೆಷ್ಟು, ಜಗಳವಾಡುವದೆಷ್ಟು ಎಂಬದೇ ಒಂದು ವ್ಯಾಖ್ಯಾನವಾದೀತು.

ಗ್ರಂಥಪಾಲಕರಿಗೆ ಇಷ್ಟೆಲ್ಲ ಬಿಡುವೆಲ್ಲಿ, ಲಿಪಿಜ್ಞರೆಲ್ಲಿ ಎಂಬ ಆಕ್ಷೇಪವು ಬರುವದು. ಹಂಪೆಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿಶಾಸ್ತ್ರದ ವಿಭಾಗವೇ ಇರುವದು. ಅದೇನೂ ಕಾಶಿಯಷ್ಟು ದೂರವಲ್ಲ. ಬಿಡುವಿಗಾಗಿ ವರ್ಷದ ಜಯಂತಿಗಳಲ್ಲಿ ಒಂದನ್ನು ಬಿಡಬಹುದು. ಮಸ್ಕಿಯ ಕಮ್ಮಟವನ್ನು ಮಾತ್ರ ಮಾಘಮಾಸದೊಳಗೆ ಮುಗಿಸತಕ್ಕದ್ದು. ವೈಶಾಖದ ಬಿಸಿಲಿನಲ್ಲಿ ಆ ಬಂಡೆಯ ಬಳಿ ಒಂದು ಗಳಿಗೆಯೂ ನಿಲ್ಲಲಾಗದು.