ಗೋಣಿಚೀಲ ಹಾಸುವುದಕ್ಕೆ, ಕಟ್ಟುವುದಕ್ಕಲ್ಲ

ನಮ್ಮ ಕಡೆಯ ನಾಯಿ ಮೊದಲ ಸಲ ಡಾಕ್ಟರ ಮುಖ ನೋಡುವುದು ಕಾಡುಹಂದಿ ಹೊಟ್ಟೆ ಸೀಳಿದಾಗ. ಇಲ್ಲವೇ ಎರಡು ದಿನ ಅನ್ನ ಮುಟ್ಟದೆ ಕೊಟ್ಟಿಗೆ ಮೂಲೆಯಲ್ಲಿ ಬಿದ್ದುಕೊಂಡಾಗ. ಸಾಗರ, ಹೊಸನಗರ, ತೀರ್ಥಹಳ್ಳಿ, ಎಲ್ಲಿ ನೋಡಿದರೂ ಇದೇ ರೂಢಿ. ಗೋಣಿಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಸ್ಕೂಟರಿನ ಮುಂದೆ ಕಾಲಿನ ಹತ್ತಿರ ಇಟ್ಟುಕೊಂಡರೆ ಪೇಟೆಗೆ ಹೊರಟಂತೆ. ನೋವು, ಕತ್ತಲೆ, ಕುಲುಕಾಟ, ಕಡೆಗೊಂದು ಸೂಜಿ. ಆಸ್ಪತ್ರೆ ಎಂದರೆ ಇಷ್ಟೇ ಎಂದು ನಾಯಿ ಆವತ್ತೇ ತೀರ್ಮಾನ ಮಾಡಿಬಿಡುತ್ತದೆ. ಆಮೇಲೆ ಅದರ ಮೂತಿ ಕಟ್ಟದೆ ಯಾವ ಡಾಕ್ಟರೂ ಹತ್ತಿರ ಸುಳಿಯಲಾರರು. ಮರಿಯ ಮೊದಲ ಭೇಟಿ ಅದು ಚೆನ್ನಾಗಿ ಕುಣಿದಾಡುತ್ತಿರುವಾಗಲೇ ಆಗಬೇಕು, ಆ ಭೇಟಿಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ನಡೆಯಬಾರದು ಎಂಬುದು ನನ್ನ ಹಟ.

ತೀರ್ಥಹಳ್ಳಿ ಸೀಮೆಯ ಅತಿ ಪ್ರಸಿದ್ಧ ನಾಯಿ, ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಗುತ್ತಿಯ ಹುಲಿಯ, ಯಾವ ಆಸ್ಪತ್ರೆಯನ್ನೂ ಕಂಡದ್ದಲ್ಲ ಎಂದು ನೀವು ವಾದಿಸಬಹುದು. ನಿಜ. ಆದರೆ ಅದು ಹತ್ತೊಂಬತ್ತನೇ ಶತಮಾನದ ಕೊನೆಯ ಕಥೆ. ಪಾರ್ವೋ ಎಂಬ ರೋಗ ನಾಯಿಗಳಲ್ಲಿ ಕಾಣಿಸಿಕೊಂಡದ್ದೇ 1970ರ ದಶಕದಲ್ಲಿ.

ತಯಾರಿ ಆಸ್ಪತ್ರೆಯ ಹಿಂದಿನ ದಿನ ಶುರುವಾಗುವಂಥದ್ದಲ್ಲ. ಎಂಟು ವಾರ ತುಂಬುವ ಮೊದಲೇ ತಾಯಿಯಿಂದ ಬಿಡಿಸಿ ತಂದ ಮರಿಗೆ ಏನು ಕಲಿಸಿದರೂ ಕಷ್ಟ. ತಿಂಗಳು ತುಂಬಿತು, ಇನ್ನು ಕೊಡಬಹುದು ಎನ್ನುವ ಮಾರಾಟಗಾರರ ಮಾತು ನಂಬಬೇಡಿ. ಮನೆಗೆ ಬಂದ ಮೇಲೆ ಒಂದು ವಾರ, ದಿನಕ್ಕೆರಡು ಸಲ, ಜಗಲಿಯಲ್ಲಿ ಕೂತು ಅದರ ಮೈ ಮುಟ್ಟುತ್ತಾ ಹೋಗಿ. ತಲೆ ಸವರಿದರೆ ಸಾಲದು, ಅದು ಎಲ್ಲ ಮರಿಗೂ ಇಷ್ಟವೇ. ಮೇಲ್ದುಟಿಯನ್ನು ಹೆಬ್ಬೆರಳಿನಿಂದ ಎತ್ತಿ ಒಸಡು ನೋಡಿ, ಬಿಡಿ, ಒಂದು ಚೂರು ಕೊಡಿ. ಕಿವಿಯನ್ನು ಒಳಮೈ ಕಾಣುವಂತೆ ಮಡಚಿ, ಬಿಡಿ, ಇನ್ನೊಂದು ಚೂರು. ಪಾದ ಹಿಡಿದು ಬೆರಳುಗಳ ಸಂದು ಬಿಡಿಸಿ. ಬಾಲ ಎತ್ತಿ, ಡಾಕ್ಟರು ಥರ್ಮಾಮೀಟರ್ ಇಡುವುದು ಅಲ್ಲಿಯೇ. ಚೂರು ಎಂದರೆ ಅಂಗಡಿಯ ಬಿಸ್ಕತ್ತೇ ಆಗಬೇಕೆಂದಿಲ್ಲ. ಕೆಲವರ ಮನೆಯಲ್ಲಿ ದೋಸೆಯ ಅಂಚು, ಕೆಲವರ ಮನೆಯಲ್ಲಿ ಒಣಮೀನಿನ ತಲೆ, ಮರಿ ಯಾವುದಕ್ಕೂ ತಕರಾರು ತೆಗೆಯುವುದಿಲ್ಲ. ಮರಿ ಕೊಸರಾಡಿದರೆ ಗಟ್ಟಿ ಹಿಡಿದು ಗೆಲ್ಲಲು ಹೋಗಬೇಡಿ, ಅರೆಗಳಿಗೆ ಬಿಟ್ಟು ಮತ್ತೆ ಮುಟ್ಟಿ.

ಇನ್ನು ಗೋಣಿಚೀಲ. ಅದನ್ನು ಖಂಡಿತ ಒಯ್ಯಿರಿ, ಮರಿಯನ್ನು ಒಳಗೆ ಹಾಕಲಿಕ್ಕಲ್ಲ. ತಪಾಸಣೆಯ ಸ್ಟೀಲ್ ಮೇಜಿನ ಮೇಲೆ ಮರಿಯ ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ಜಾರುತ್ತವೆ. ಮರಿ ಹೆದರಿದೆ ಎಂದು ನಾವು ಅಂದುಕೊಳ್ಳುವುದರಲ್ಲಿ ಅರ್ಧ ಪಾಲು ಈ ಜಾರಿಕೆಯೇ. ಮನೆಯಲ್ಲಿ ಅದು ಮಲಗಿ ವಾಸನೆ ಹತ್ತಿದ ಚೀಲವನ್ನು ಮಡಚಿ ಮೇಜಿನ ಮೇಲೆ ಹಾಸಿದರೆ ಉಗುರಿಗೆ ಹಿಡಿತ ಸಿಗುತ್ತದೆ, ಮೂಗಿಗೆ ಪರಿಚಯ ಸಿಗುತ್ತದೆ. ಮೊದಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇದೇ ಚೀಲ ಹಾಸಿ ನಿಲ್ಲಿಸಿ ಅಭ್ಯಾಸ ಮಾಡಿಸಿದ್ದರೆ ಇನ್ನೂ ವಾಸಿ.

ಒಯ್ಯಲು ಬುಟ್ಟಿಯೋ ಗಾಳಿಯಾಡುವ ಕ್ರೇಟೋ ಸಾಕು. ಹೊಸನಗರದಿಂದ ಯಾವ ಕಡೆ ಹೊರಟರೂ ತಿರುವು ತಪ್ಪಿದ್ದಲ್ಲ. ಎರಡು ಮೂರು ಗಂಟೆ ಮೊದಲೇ ಊಟ ಮುಗಿಸದಿದ್ದರೆ ಮರಿ ಕಾರಿದ್ದನ್ನು ಬಳಿಯುವ ಕೆಲಸ ನಿಮ್ಮದು. ತುಮರಿ ಕಡೆಯವರಿಗೆ 2025ರ ಜುಲೈವರೆಗೆ ಸಾಗರಕ್ಕೆ ಹತ್ತಿರದ ದಾರಿ ಎಂದರೆ ಹಿನ್ನೀರಿನ ಲಾಂಚ್ ಆಗಿತ್ತು, ಈಗ ಸೇತುವೆ ಆಗಿದೆ. ಸರ್ಕಾರಿ ಬಸ್ಸಿನಲ್ಲಿ ಮರಿಗೂ ಟಿಕೆಟ್ ಉಂಟು. ಶಕ್ತಿ ಯೋಜನೆಯಲ್ಲಿ ಅಮ್ಮನಿಗೆ ಬಿಟ್ಟಿ, ಮಡಿಲಲ್ಲಿರುವ ಹೆಣ್ಣು ಮರಿಗೆ ಮಾತ್ರ ದುಡ್ಡು! ಹೊರಡುವ ಮೊದಲು ಆಸ್ಪತ್ರೆಗೆ ಒಂದು ಫೋನ್ ಮಾಡಿ. ತಾಲ್ಲೂಕಿನ ಪಶು ಆಸ್ಪತ್ರೆ ಮೊದಲಿಗೆ ದನಕರುಗಳ ಆಸ್ಪತ್ರೆ. ಕಾಲುಬಾಯಿ ಲಸಿಕೆ ಅಭಿಯಾನದ ದಿನ ಡಾಕ್ಟರು ಯಾವ ಹಳ್ಳಿಯ ಕೊಟ್ಟಿಗೆಯಲ್ಲಿರುತ್ತಾರೋ ಹೇಳಲಾಗದು.

ಆಸ್ಪತ್ರೆ ಅಂಗಳಕ್ಕೆ ಬಂದಮೇಲೆ ಮರಿಯನ್ನು ನೆಲಕ್ಕೆ ಬಿಡಬೇಡಿ. ಉಚ್ಚೆ ಹೊಯ್ಯಲಿ ಎಂಬ ಕರುಣೆಯೂ ಬೇಡ. ಕಾಯಿಲೆಯ ನಾಯಿಗಳು ಕೂತೆದ್ದ ಜಾಗ ಅದು. ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಲಸಿಕೆ ಪೂರ್ತಿಯಾಗುವವರೆಗೆ ಮಡಿಲು, ಇಲ್ಲವೇ ಬುಟ್ಟಿ.

ಉಣುಗಿನ ವಿಚಾರಕ್ಕೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯ ಭಯ ಸಾಗರದ ಅರಳಗೋಡು ಸುತ್ತಿನವರಿಗೆ 2018–19ರಲ್ಲಿ ಅದು ಹಬ್ಬಿದ ನಂತರ ಹೇಳಿಕೊಡಬೇಕಾಗಿಲ್ಲ. ಸೊಪ್ಪಿನ ಬೆಟ್ಟ ಸುತ್ತಿ ಬಂದ ನಾಯಿ ಕಾಡಿನ ಉಣುಗನ್ನು ಜಗಲಿಗೇ ತಂದಿಡಬಲ್ಲದು. ಸಾಲದ್ದಕ್ಕೆ ನಾಯಿಗೇ ಉಣುಗಿನಿಂದ ಹತ್ತುವ ಜ್ವರಗಳು ಬೇರೆ ಇವೆ. ಒಸಡು ಬಿಳಿಚಿ, ಉಚ್ಚೆ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಬಬೇಸಿಯಾ ಇರಬಹುದೆಂದು ತಡಮಾಡದೆ ಓಡಬೇಕು. ಆದರೆ ಡಾಕ್ಟರ ಮುಂದೆ ಮರ್ಯಾದೆ ಹೋದೀತೆಂದು ಹಿಂದಿನ ರಾತ್ರಿ ಮರಿಯನ್ನು ತಿಕ್ಕಿ ತೊಳೆದು, ದನಕ್ಕೆ ತಂದ ಉಣುಗಿನ ಔಷಧಿ ಬಳಿಯುವವರಿದ್ದಾರೆ. ದನದ ಅಳತೆ ಮರಿಗೆ ವಿಷ. ಬೆಕ್ಕಿಗಂತೂ ಆ ಜಾತಿಯ ಕೆಲವು ಔಷಧಿ ಪ್ರಾಣವನ್ನೇ ತೆಗೆಯುತ್ತವೆ. ಆರೋಗ್ಯ ಇಲಾಖೆ ನಮಗೆ ಹಚ್ಚಿಕೊಳ್ಳಲು ಕೊಡುವ ಎಣ್ಣೆಯೂ ಮರಿಗಲ್ಲ, ಅದು ಮೈ ನೆಕ್ಕುವ ಪ್ರಾಣಿ. ಉಣುಗು ಹಾಗೇ ಇರಲಿ, ಎಷ್ಟಿವೆ, ಎಲ್ಲಿ ಕಚ್ಚಿವೆ ಎಂದು ಡಾಕ್ಟರೇ ನೋಡಲಿ. ತೆಗೆಯಲೇಬೇಕೆಂದರೆ ಚಿಮಟ ಹಿಡಿಯಿರಿ. ಬರಿಗೈಯಲ್ಲಿ ಕಿತ್ತು ಉಗುರಿನಲ್ಲಿ ಚಿಟ್ಟೆನ್ನಿಸುವ ಚಟ ಮಲೆನಾಡಿನಲ್ಲಿ ಇನ್ನಾದರೂ ನಿಲ್ಲಬೇಕು. ಮಳೆಗಾಲದ ಮರಿ ಪದೇ ಪದೇ ಸೀನುತ್ತ, ಒಂದೇ ಹೊಳ್ಳೆಯಿಂದ ರಕ್ತ ಸುರಿಸುತ್ತಿದ್ದರೆ ಮೂಗಿನೊಳಗೆ ಉಂಬಳ ಹೊಕ್ಕಿರಬಹುದು, ಅದನ್ನೂ ಹೇಳಿ.

ಹೇಳುವವರು ಯಾರು ಎಂಬುದೇ ತೊಡಕು. ಮರಿಗೆ ಅನ್ನ ಹಾಕುವವರು ಅಜ್ಜಿ, ಆಸ್ಪತ್ರೆಗೆ ಒಯ್ಯುವವನು ಮೊಮ್ಮಗ.

“ಜಂತಿನ ಔಷಧಿ ಕೊಟ್ಟಿದೀರಾ?”

“ಕೊಟ್ಟಿರಬೇಕು ಸಾರ್.”

“ಎಷ್ಟು ದಿನ ಆಯ್ತು?”

“ಅಜ್ಜೀನ ಕೇಳ್ಬೇಕು ಸಾರ್.”

ಅಜ್ಜಿಯನ್ನೇ ಕರೆದುಕೊಂಡು ಹೋಗಿ, ಇಲ್ಲವೇ ಅವರಿಂದ ಕೇಳಿ ಒಂದು ಚೀಟಿ ಬರೆದುಕೊಳ್ಳಿ. ಹುಟ್ಟಿದ ದಿನ, ತಾಯಿಗೆ ಲಸಿಕೆ ಆಗಿತ್ತೇ, ಕೊಟ್ಟ ಔಷಧಿಯ ಹೆಸರು, ಏನು ತಿನ್ನುತ್ತದೆ, ಯಾರಿಗಾದರೂ ಹಲ್ಲು ತಾಗಿಸಿದೆಯೇ. ಅಡಿಕೆಗೆ ಕೊಳೆ ಔಷಧಿ ಹೊಡೆಯುವ ದಿನಗಳಾದರೆ ಮೈಲುತುತ್ತದ ಡ್ರಮ್ಮಿನ ಹತ್ತಿರ ಸುಳಿದಿತ್ತೇ ಎಂಬುದೂ ಬೇಕು. ಬೆಳಗಿನ ಲದ್ದಿಯನ್ನು ಸಣ್ಣ ಡಬ್ಬಿಯಲ್ಲಿ ಒಯ್ದರೆ ಡಾಕ್ಟರು ನಿಮ್ಮನ್ನು ಗೌರವದಿಂದಲೇ ನೋಡುತ್ತಾರೆ.

ಲಸಿಕೆಯ ಬಗ್ಗೆ ಒಂದು ಮಲೆನಾಡಿನ ಎಚ್ಚರಿಕೆ. ಅದು 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕಾದ ವಸ್ತು. ಆಷಾಢದಲ್ಲಿ ಮೂರು ದಿನ ಕರೆಂಟಿಲ್ಲದ ಮನೆಯ ಫ್ರಿಜ್ಜಿನಲ್ಲಿಟ್ಟ ಸೀಸೆಯಲ್ಲಿ, ಶಿವಮೊಗ್ಗದಿಂದ ಅಂಗಿ ಜೇಬಿನಲ್ಲಿ ತಂದ ಸೀಸೆಯಲ್ಲಿ ಔಷಧಿಗಿಂತ ಸಮಾಧಾನವೇ ಹೆಚ್ಚು. ಆಸ್ಪತ್ರೆಯಲ್ಲಿ ದಾಸ್ತಾನಿದೆಯೇ ಎಂದು ಆ ಫೋನಿನಲ್ಲೇ ಕೇಳಿ. ತರಲೇಬೇಕಾದರೆ ಐಸ್ ತುಂಬಿದ ಫ್ಲಾಸ್ಕಿನಲ್ಲಿ ತನ್ನಿ. ಆರರಿಂದ ಎಂಟು ವಾರಕ್ಕೆ ಪಾರ್ವೋ, ಡಿಸ್ಟೆಂಪರ್ ಇತ್ಯಾದಿಗೆ ಮೊದಲ ಡೋಸ್, ಮೂರು ತಿಂಗಳಿಗೆ ರೇಬೀಸ್. ಗದ್ದೆ, ತೋಟದ ಬಸಿಗಾಲುವೆ, ಇಲಿ ಇರುವ ನಮ್ಮಲ್ಲಿ ಇಲಿಜ್ವರದ ಲಸಿಕೆಯೂ ಸೇರಿದೆಯೇ ಎಂದು ಬಾಯಿಬಿಟ್ಟು ಕೇಳಬೇಕು. ಲ್ಯಾಬ್ರಡಾರಿಗೆ ಇದನ್ನೆಲ್ಲ ಹಾಕಿಸಿ, ಮಂಗ ಓಡಿಸುವ ನಾಟಿ ನಾಯಿಗೆ ‘ಅದು ಗಟ್ಟಿ ಬಿಡಿ’ ಎನ್ನುವವರ ಲೆಕ್ಕ ನನಗೆ ಅರ್ಥವಾಗಿಲ್ಲ. ದಿನವಿಡೀ ಕಾಡಿನಂಚಿನಲ್ಲಿ ಅಲೆಯುವುದು ಆ ಗಟ್ಟಿ ನಾಯಿಯೇ.

ಬೆಕ್ಕಿನ ಮರಿಗೆ ಮುಚ್ಚಳವಿರುವ ಬುಟ್ಟಿಯೇ ಆಗಬೇಕು. ಅದನ್ನು ನಾಲ್ಕು ದಿನ ಮೊದಲೇ ಅಟ್ಟದಿಂದ ಇಳಿಸಿ ಬಾಯಿ ತೆರೆದಿಟ್ಟರೆ ತಾನೇ ಒಳಗೆ ಹೋಗಿ ಮಲಗುತ್ತದೆ. ಹೊರಡುವ ಹೊತ್ತಿಗೆ ಹಿಡಿಯಲು ಹೋದಿರೋ, ಅಟ್ಟದ ಮೇಲೆ ಹುಡುಕುತ್ತ ನಿಮ್ಮ ಬೆಳಗು ಹೋಯಿತು.

ಚುಚ್ಚುಮದ್ದು ಆದಕೂಡಲೇ ಬಸ್ಸಿಗೆ ಓಡಬೇಡಿ. ಅರ್ಧ ಗಂಟೆ ಅಲ್ಲೇ ಕೂತು ಮುಖ ಊದುತ್ತದೆಯೇ, ಉಸಿರು ಕಟ್ಟುತ್ತದೆಯೇ ನೋಡಿ. ಮುಂದಿನ ಡೋಸಿನ ತಾರೀಖನ್ನು ಡಾಕ್ಟರ ಕೈಯಲ್ಲೇ ಕಾರ್ಡಿನ ಮೇಲೆ ಬರೆಸಿ. ಅದು ಅಡಿಕೆ ಕೀಳುವ ಕೊನೆಗಾರ ಬರುವ ದಿನಕ್ಕೇ ಬಿದ್ದರೆ ಮರಿ ಮನೆಯಲ್ಲೇ ಉಳಿಯುವುದು ಖಂಡಿತ, ಆದ್ದರಿಂದ ಒಂದೆರಡು ದಿನ ಆಚೀಚೆ ಆದೀತೇ ಎಂದು ಆಗಲೇ ಕೇಳಿಕೊಂಡು ಬನ್ನಿ.